ಅಪ್ಪಯ್ಯನ ಮುಷ್ಟಿ, ನನ್ನ ಸೆನ್ಸರ್

ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್ ವೈವಾ ಮುಗಿದು 18 ದಿನ ಆಯ್ತು. ನೋ ಡ್ಯೂ ಫಾರ್ಮ್ ಹಿಡ್ಕೊಂಡು ಲೈಬ್ರರಿ, ಲ್ಯಾಬು, ಅಕೌಂಟ್ಸ್ ಅಂತ ಓಡಾಡಿ ಸೈನ್ ಹಾಕಿಸ್ಕೊಂಡು, ಹಾಸ್ಟೆಲ್ ರೂಮ್ ಖಾಲಿ ಮಾಡಿ, ಎರಡು ಬ್ಯಾಗು ಒಂದು ಹಾಸಿಗೆ ಸುರುಳಿ ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸಿಗೆ ಹಾಕ್ಕೊಂಡು ಮನೆಗೆ ಬಂದೆ. ಮಳೆ ಹಿಡ್ದಿದೆ. ಜಗಲಿ ಮೇಲೆ ಕೂತು ಇದನ್ನ ಟೈಪ್ ಮಾಡ್ತಾ ಇದೀನಿ, ಫಸ್ಟ್ ಸೆಮ್ಮಲ್ಲಿ ತಗೊಂಡ ಅದೇ ಲ್ಯಾಪ್‌ಟಾಪಲ್ಲಿ. ನಾಲ್ಕು ವರ್ಷದ್ದು ಎಲ್ಲಾ ಬರೆಯೋಕೆ ಆಗಲ್ಲ, ಆದ್ರೆ ಕೊನೇ ಆರು ತಿಂಗಳಲ್ಲಿ ನಡೆದಿದ್ದು ಮಾತ್ರ ಮರೆಯೋ ಮೊದ್ಲು ಬರೆದಿಡ್ಬೇಕು ಅನ್ನಿಸ್ತು.

ನಮ್ದು 2021ರ ಬ್ಯಾಚ್. ಕೋವಿಡ್ ಕಾಲ, ಸೆಕೆಂಡ್ ಪಿಯು ಪೂರ್ತಿ ಗುಡ್ಡದ ಮೇಲೇ ಕಳೀತು, ಮನೇಲಿ ಸಿಗ್ನಲ್ ಇರ್ಲಿಲ್ಲ, ಛತ್ರಿ ಹಿಡ್ಕೊಂಡು ಒಂದು ಬಂಡೆ ಮೇಲೆ ಕೂತು ಅಪ್ಪಯ್ಯನ ಮೊಬೈಲಲ್ಲಿ ಆನ್‌ಲೈನ್ ಕ್ಲಾಸ್ ಕೇಳ್ತಿದ್ದೆ. ಆ ವರ್ಷ ಬೋರ್ಡ್ ಪರೀಕ್ಷೆನೇ ರದ್ದಾಗಿ ಎಸ್ಸೆಸ್ಸೆಲ್ಸಿ ಮತ್ತೆ ಫಸ್ಟ್ ಪಿಯು ಮಾರ್ಕ್ಸ್ ನೋಡಿ ರಿಸಲ್ಟ್ ಕೊಟ್ರು. ಸಿಇಟಿ ಬರೆದು ಎಲೆಕ್ಟ್ರಾನಿಕ್ಸ್ ಸೀಟ್ ಸಿಕ್ತು. ಆಮೇಲೆ ಅಪ್ಪಯ್ಯ ಅಡಿಕೆ ಕೊಟ್ಟ ದುಡ್ಡಲ್ಲಿ 17,000 ತೆಗೆದಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಕೊಡಿಸಿದ್ರು, ಟಿ450, ಯಾವುದೋ ಆಫೀಸಿಂದ ವಾಪಸ್ ಬಂದಿದ್ದು. ಅದ್ರಲ್ಲಿ ಎರಡು ಬ್ಯಾಟರಿ, ಒಂದು ಒಳಗೆ, ಇನ್ನೊಂದು ಹಿಂದಿಂದ ಬಿಚ್ಚೋದು. ಆನ್ ಇರೋವಾಗ್ಲೇ ಹಿಂದಿನ ಬ್ಯಾಟರಿ ತೆಗೆದು ಬೇರೇದು ಹಾಕ್ಬಹುದು, ಮೆಷಿನ್ ಆಫ್ ಆಗಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗೋ ನಮ್ಮಂಥ ಊರಿಗೆ ಇದಕ್ಕಿಂತ ಒಳ್ಳೇ ಸೌಕರ್ಯ ಇಲ್ಲ. ವಿಂಡೋಸ್ 11 ಅದಕ್ಕೆ ಬರಲ್ಲ, ಪ್ರೊಸೆಸರ್ ಹಳೇದು. ಹಾಗಾಗಿ ಹಾರ್ಡ್ ಡಿಸ್ಕ್ ತೆಗೆದು ಎಸ್ಸೆಸ್ಡಿ ಹಾಕಿ, ರ್‍ಯಾಮ್ ಇನ್ನೊಂದು ಸೇರಿಸಿ, ಲಿನಕ್ಸ್ ಮಿಂಟ್ ಹಾಕ್ಕೊಂಡೆ. ಸ್ಕ್ರೂ ಬಿಚ್ಚೋವಾಗ ಕೈ ನಡುಗಿದ್ದು ಮೊದಲ್ನೇ ಸಲ ಮಾತ್ರ.

ಪ್ರಾಜೆಕ್ಟ್ ವಿಷಯಕ್ಕೆ ಬರ್ತೀನಿ. ನಾವು ನಾಲ್ಕು ಜನ. ಅಡಿಕೆ ತೋಟಕ್ಕೆ ಮಣ್ಣಿನ ತೇವ ನೋಡೋ ಸಿಸ್ಟಮ್ ಮಾಡೋಣ ಅಂತ ನಾನೇ ಹೇಳಿದ್ದು. ಗೈಡ್ ಸರ್ "ಇದು ಪ್ರತಿ ವರ್ಷ ಯಾರಾದ್ರೂ ಮಾಡ್ತಾರಮ್ಮ, ಹೊಸತೇನಿದೆ?" ಅಂದ್ರು. ನಿಜ, ಯೂಟ್ಯೂಬಲ್ಲಿ ಹುಡುಕಿದ್ರೆ ನೂರು ಸಿಗುತ್ತೆ. ಆದ್ರೆ ಅವೆಲ್ಲಾ ಒಂದು ಕುಂಡದಲ್ಲಿ ಸೆನ್ಸರ್ ಚುಚ್ಚಿ, ಒಂದು ಲೋಟ ನೀರು ಹಾಕಿ, ನಂಬರ್ ಬದಲಾಗೋದು ತೋರಿಸಿ ಮುಗಿಯುತ್ತೆ. ನಾನು ಸರ್‌ಗೆ ಹೇಳ್ದೆ, ಇದು ನಮ್ಮ ತೋಟದಲ್ಲಿ ಒಂದು ಬೇಸಿಗೆ ಪೂರ್ತಿ ನಿಲ್ಬೇಕು ಸರ್, ನಮ್ಮಪ್ಪ ಅದನ್ನ ನೋಡಿ ನೀರು ಬಿಡ್ಬೇಕು, ಅಷ್ಟಾದ್ರೆ ಸಾಕು ಅಂತ. ಸರ್ ಸ್ವಲ್ಪ ಹೊತ್ತು ಸುಮ್ನಿದ್ದು ಸೈನ್ ಹಾಕಿದ್ರು.

ಅಪ್ಪಯ್ಯ ನೀರು ಬಿಡೋ ಲೆಕ್ಕ ಹೇಗೆ ಅಂತ ಹೇಳ್ತೀನಿ. ಮರದ ಬುಡದಲ್ಲಿ ಒಂದು ಗೇಣು ಕೆದಕಿ, ಒಂದು ಹಿಡಿ ಮಣ್ಣು ತೆಗೆದು, ಮುಷ್ಟಿ ಕಟ್ಟಿ ಬಿಡ್ತಾರೆ. ಪುಡಿಪುಡಿ ಆದ್ರೆ ಒಣಗಿದೆ. ಉಂಡೆ ಆಗಿ, ಹೆಬ್ಬೆರಳಲ್ಲಿ ಒತ್ತಿದ್ರೆ ಒಡೆದ್ರೆ ಇನ್ನು ಒಂದೆರಡು ದಿನ ತಡೀಬಹುದು. ಉಂಡೆ ಗಟ್ಟಿಯಾಗಿ ನಿಂತ್ರೆ ಹಸಿ ಇದೆ. ಅಂಗೈಗೆ ಅಂಟಿದ್ರೆ ಜಾಸ್ತಿ ಆಗಿದೆ. ಇದನ್ನ ಚಿಕ್ಕವಳಿದ್ದಾಗಿಂದ ನೋಡಿದೀನಿ, ಆದ್ರೆ ಇದೊಂದು ಅಳತೆ ಅಂತ ನನಗೆ ಹೊಳೆದಿದ್ದು ಏಳನೇ ಸೆಮ್ಮಲ್ಲಿ.

ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಲ್ಲಿ ಸಾಮಾನು ತಂದ್ವಿ, ಇಎಸ್‌ಪಿ32 ಬೋರ್ಡು (ವೈಫೈ ಇರೋ ಚಿಕ್ಕ ಕಂಪ್ಯೂಟರ್ ಚಿಪ್ಪಿಂದು), ಸೆನ್ಸರ್, 18650 ಸೆಲ್ಲು (ರೀಚಾರ್ಜ್ ಆಗೋ ಬ್ಯಾಟರಿ), ಚಿಕ್ಕ ಸೋಲಾರ್ ಪ್ಯಾನಲ್ಲು. ಮೊದಲ್ನೇ ಸೆನ್ಸರ್ ಎರಡು ಕಾಲಿನ ಫೋರ್ಕ್ ಥರದ್ದು, ರೆಸಿಸ್ಟಿವ್, ಅಂದ್ರೆ ಮಣ್ಣಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ತೇವ ಹೇಳೋದು. ಕಡಿಮೆ ದುಡ್ಡಿನದು. ಮಣ್ಣಲ್ಲಿ ಚುಚ್ಚಿ ಬಿಟ್ಟು ಎರಡು ವಾರ ಆದ್ಮೇಲೆ ಅಪ್ಪಯ್ಯ ಕಿತ್ತು ನೋಡಿ ಫೋನ್ ಮಾಡಿದ್ರು. "ಎಂಥದೆ ಇದು, ಒಂದು ಕಾಲು ಪೂರ್ತಿ ತಿಂದುಹೋಗಿದೆ, ಮೈಲುತುತ್ತದ ಬಣ್ಣ ಬಂದಿದೆ ನೋಡು." ಫೋಟೋ ಕಳ್ಸಿದ್ರು, ಹೌದು, ಹಸಿರು ನೀಲಿ. ಎರಡು ಲೋಹದ ಕಾಲು, ಮಧ್ಯೆ ಒದ್ದೆ ಮಣ್ಣು, ಅದ್ರಲ್ಲಿ ಸದಾ ಕರೆಂಟ್ ಹರಿತಾ ಇದ್ರೆ ಎಲೆಕ್ಟ್ರಾಲಿಸಿಸ್ ಆಗಿ ತಾಮ್ರ ಕರಗ್ತಾ ಹೋಗುತ್ತೆ. ನಾನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ, ಅಪ್ಪಯ್ಯ ಬಣ್ಣ ನೋಡಿ ಹೇಳಿದ್ರು. ಅವರಿಗೆ ತಾಮ್ರದ ಪರಿಚಯ ಬೋರ್ಡೋ ದ್ರಾವಣದಿಂದ, ಕೊಳೆರೋಗಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಕಲಸಿ ಆದ್ಮೇಲೆ ಹೊಳೆಯೋ ಹಾಗೆ ಉಜ್ಜಿದ ಚಾಕು ಅದ್ದಿ ನೋಡ್ತಾರೆ, ಅಲಗಿಗೆ ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು ಅಂತ. ಅದೂ ಕೆಮಿಸ್ಟ್ರಿ ಲ್ಯಾಬೇ ತಾನೆ.

ಆಮೇಲೆ ಕೆಪಾಸಿಟಿವ್ ಸೆನ್ಸರ್ ತಗೊಂಡ್ವಿ. ಅದ್ರಲ್ಲಿ ಲೋಹ ಮಣ್ಣಿಗೆ ತಾಗಲ್ಲ, ಮೇಲೆ ಪೇಂಟ್ ಪದರ ಇರುತ್ತೆ. ಆದ್ರೆ ಅದ್ರ ಸರ್ಕ್ಯೂಟ್ ಹಲಗೆ (ಪಿಸಿಬಿ) ಅಂಚು ಬರಿದು, ಅಲ್ಲಿಂದ ನೀರು ಹೀರ್ಕೊಂಡು ಉಬ್ಬುತ್ತೆ. ಅದಕ್ಕೆ ರೂಮ್‌ಮೇಟ್ ಹತ್ರ ಇದ್ದ ನೈಲ್ ಪಾಲಿಶ್ ಇಸ್ಕೊಂಡು ನಾಲ್ಕೂ ಅಂಚಿಗೆ ಮೂರು ಮೂರು ಸಲ ಹಚ್ಚಿದ್ದು. ಮರೂನ್ ಬಣ್ಣ. ಇವತ್ತಿಗೂ ತೋಟದಲ್ಲಿ ಸೆನ್ಸರ್ ಹುಡುಕೋಕೆ ಆ ಬಣ್ಣನೇ ಗುರುತು.

ಇನ್ನೊಂದು ವಿಷಯ, ಮುಂದೆ ಮಾಡೋರಿಗೆ ಉಪಯೋಗ ಆಗ್ಲಿ ಅಂತ ಹೇಳ್ತೀನಿ. ಹಾಸ್ಟೆಲ್ ಟೇಬಲ್ ಮೇಲೆ ಸೆನ್ಸರ್ ಚೆನ್ನಾಗಿ ಓದ್ತಿತ್ತು, ವೈಫೈ ಆನ್ ಮಾಡಿದ ಕೂಡ್ಲೆ ರೀಡಿಂಗ್ ಕೆಡ್ತಿತ್ತು. ಹತ್ತು ದಿನ ಹೋಯ್ತು ಅದ್ರಲ್ಲಿ. ವೈರ್ ಬದಲಾಯಿಸಿದ್ವಿ, ಸೆನ್ಸರ್ ಬದಲಾಯಿಸಿದ್ವಿ, ಎಐ ಚಾಟ್‌ಬಾಟ್ ಕೇಳಿದ್ವಿ, ಅದು ಹೊಸ ಹೊಸ ಕೋಡ್ ಕೊಡ್ತಾನೇ ಇತ್ತು ಆದ್ರೆ ಎಲ್ಲದ್ರಲ್ಲೂ ಸೆನ್ಸರ್ ವೈರ್ ಸೇರೋ ಪಿನ್ 4 ಹಾಗೇ ಇತ್ತು, ಯಾಕಂದ್ರೆ ನಾವು ಕೊಟ್ಟ ಕೋಡಲ್ಲಿ ಅದೇ ಇತ್ತು. ಕೊನೆಗೆ ರಾತ್ರಿ ಕೂತು ಚಿಪ್ಪಿನ ಡಾಕ್ಯುಮೆಂಟ್ (ಡೇಟಾಶೀಟ್) ಓದಿದಾಗ ಸಿಕ್ತು, ಇಎಸ್‌ಪಿ32ರಲ್ಲಿ ಎಡಿಸಿ, ಅಂದ್ರೆ ಸೆನ್ಸರಿನ ವೋಲ್ಟೇಜನ್ನ ನಂಬರ್ ಮಾಡೋ ಭಾಗ, ಎರಡಿದೆ, ಎರಡನೇದನ್ನ ವೈಫೈನೂ ಬಳಸುತ್ತೆ, ವೈಫೈ ಓಡ್ತಿರೋವಾಗ ಆ ಪಿನ್ನುಗಳಲ್ಲಿ ಅನಲಾಗ್ ಓದೋಕೆ ಆಗಲ್ಲ. ಪಿನ್ 4 ಎರಡನೇದಕ್ಕೆ ಸೇರಿದ್ದು. ವೈರ್ ಕಿತ್ತು 34ಕ್ಕೆ ಹಾಕಿದೆ, ಸರಿಹೋಯ್ತು. ಎಐ ಬೇಡ ಅಂತ ನಾನು ಹೇಳಲ್ಲ, ಎರಡನೇ ವರ್ಷದಿಂದ ದಿನಾ ಬಳಸಿದೀನಿ, ಅರ್ಥ ಆಗದ ಎಷ್ಟೋ ಪಾಠ ಅದ್ರಿಂದ ಅರ್ಥ ಆಗಿದೆ. ಆದ್ರೆ ಡೇಟಾಶೀಟ್ ನಾವೇ ಓದ್ಬೇಕು. ಮತ್ತೆ ಯುಎಸ್‌ಬಿ ಕೇಬಲ್ ಬರೀ ಚಾರ್ಜಿಂಗಿಂದೋ ಡೇಟಾನೂ ಹೋಗುತ್ತೋ ಮೊದ್ಲು ನೋಡ್ಕೊಳ್ಳಿ, ಬೋರ್ಡ್ ಸತ್ತಿದೆ ಅಂತ ಎರಡು ಪಕ್ಕಕ್ಕಿಟ್ಟಿದ್ವಿ, ಎರಡೂ ಜೀವಂತ ಇದ್ವು.

ತೋಟ ಮನೆಯಿಂದ ಕೆಳಗೆ, ವೈಫೈ ಅಲ್ಲಿಗೆ ಮುಟ್ಟಲ್ಲ. ಕೊನೆಗೆ ತೋಟದ ಬೋರ್ಡಿಗೆ ಲೋರಾ (ಕಡಿಮೆ ಪವರಲ್ಲಿ ದೂರಕ್ಕೆ ಸ್ವಲ್ಪ ಸ್ವಲ್ಪ ಡೇಟಾ ಕಳಿಸೋ ರೇಡಿಯೋ) ಹಾಕಿದ್ವಿ, ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ದೇ ಬಳಸ್ಬಹುದು. ಅರ್ಧ ಗಂಟೆಗೊಮ್ಮೆ ಎದ್ದು, ಓದಿ, ಮನೆಗೆ ಕಳಿಸಿ, ಮತ್ತೆ ನಿದ್ದೆ ಮಾಡುತ್ತೆ.

ಈಗ ಮುಖ್ಯ ಭಾಗ. ಸೆನ್ಸರ್ ಕೊಡೋದು ಬರೀ ನಂಬರ್, ಗಾಳೀಲಿ 2800 ಹತ್ರ, ನೀರಲ್ಲಿ 1300 ಹತ್ರ. ಈ ನಂಬರಿಗೂ ಅಡಿಕೆ ಮರಕ್ಕೂ ಏನ್ ಸಂಬಂಧ? ಪುಸ್ತಕದ ವಿಧಾನ ಅಂದ್ರೆ ಮಣ್ಣು ತೂಕ ಮಾಡಿ, 105 ಡಿಗ್ರಿ ಓವನ್ನಲ್ಲಿ 24 ಗಂಟೆ ಒಣಗ್ಸಿ, ಮತ್ತೆ ತೂಕ ಮಾಡಿ, ಎಷ್ಟು ನೀರು ಹೋಯ್ತು ಅಂತ ನೋಡೋದು. ಶಿವರಾತ್ರಿ ರಜೆಗೆ ಮನೆಗೆ ಬಂದಾಗ ಅಪ್ಪಯ್ಯನ ಜೊತೆ ತೋಟದ 12 ಕಡೆ ಹೋದೆ. ಪ್ರತಿ ಕಡೆ ಸೆನ್ಸರ್ ರೀಡಿಂಗ್ ಬರ್ಕೊಂಡೆ, ಅಪ್ಪಯ್ಯ ಮುಷ್ಟಿ ಕಟ್ಟಿ ಹೇಳಿದ್ದು ಬರ್ಕೊಂಡೆ, ನನ್ನ ನಂಬರ್ ಅವರಿಗೆ ತೋರಿಸ್ಲಿಲ್ಲ. ಅದೇ ಮಣ್ಣು ಡಬಲ್ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ ಕಾಲೇಜಿಗೆ ತಂದು ಸಿವಿಲ್ ಡಿಪಾರ್ಟ್‌ಮೆಂಟಿನ ಸಾಯಿಲ್ ಲ್ಯಾಬ್ ಓವನ್ನಲ್ಲಿ ಇಟ್ಟೆ. ಅಲ್ಲಿನ ಲ್ಯಾಬ್ ಅಟೆಂಡರ್ ಅಣ್ಣ ತಾವೇ ತೂಕ ಮಾಡೋಕೆ ನಿಂತ್ರು, ಅವರದ್ದೂ ತೋಟ ಇದ್ಯಂತೆ.

ಮರುದಿನ ಪಟ್ಟಿ ಮಾಡಿ ನೋಡಿದ್ರೆ, 12ರಲ್ಲಿ 11 ಕಡೆ ಓವನ್ ಹೇಳಿದ ಕ್ರಮ, ಅಪ್ಪಯ್ಯನ ಮುಷ್ಟಿ ಹೇಳಿದ ಕ್ರಮ ಒಂದೇ. ನಾನು ಆ ಪೇಪರ್ ಹಿಡ್ಕೊಂಡು ಲ್ಯಾಬಲ್ಲೇ ಸುಮಾರು ಹೊತ್ತು ಕೂತಿದ್ದೆ.

ಹನ್ನೆರಡನೇದು ಹಳ್ಳದ ಪಕ್ಕದ್ದು. ಓವನ್ ಲೆಕ್ಕದಲ್ಲಿ ಅಲ್ಲಿ ನೀರು ಕಡಿಮೆ, ಸೆನ್ಸರೂ ಒಣಗಿದೆ ಅಂತ ಹೇಳ್ತಿತ್ತು. ಅಪ್ಪಯ್ಯ "ಇಲ್ಲಿ ಸಾಕು, ಬೇಡ" ಅಂದಿದ್ರು. ಫೋನ್ ಮಾಡಿ ಕೇಳಿದೆ. "ಅದು ಮರಳು ಮಣ್ಣಲ್ವನೇ. ಮೇಲಿನ ತೋಟದ್ದು ಕೆಮ್ಮಣ್ಣು, ಅದು ನೀರು ಹಿಡ್ಕೊಂಡು ಕೂರುತ್ತೆ, ಬೇರಿಗೆ ಬಿಡಲ್ಲ. ಮರಳು ಕಡಿಮೆ ಹಿಡಿಯುತ್ತೆ, ಆದ್ರೆ ಇದ್ದದ್ದನ್ನ ಕೊಡುತ್ತೆ." ಆಮೇಲೆ ಓದಿದೆ, ಇದನ್ನೇ ಮಣ್ಣು ವಿಜ್ಞಾನದಲ್ಲಿ ಗಿಡಕ್ಕೆ ಸಿಗೋ ನೀರು ಅಂತ ಬೇರೆ ಲೆಕ್ಕ ಹಾಕ್ತಾರೆ, ಜೇಡಿ ಮಣ್ಣಲ್ಲಿ ಎಷ್ಟೋ ನೀರು ಇದ್ರೂ ಗಿಡಕ್ಕೆ ಎಳ್ಕೊಳ್ಳೋಕಾಗಲ್ಲ. ಅಂದ್ರೆ ಒಂದೇ ಪರ್ಸೆಂಟೇಜ್ ಎರಡು ಕಡೆ ಎರಡು ಅರ್ಥ. ನಾವು ಇಡೀ ತೋಟಕ್ಕೆ ಒಂದೇ ಮಿತಿ ಹಾಕಿದ್ವಿ, ಹಾಗೇ ಬಿಟ್ಟಿದ್ರೆ ಹಳ್ಳದ ಪಕ್ಕ ಸುಮ್ನೆ ನೀರು ಹೋಗ್ತಿತ್ತು. ಆ ಜಾಗಕ್ಕೆ ಬೇರೆ ಸೆಟ್ಟಿಂಗ್ ಹಾಕಿದ್ವಿ. ನಮ್ಮ ರಿಪೋರ್ಟಲ್ಲಿ ಹೊಸತು ಅಂತ ಏನಾದ್ರೂ ಇದ್ರೆ ಅದು ಈ ಒಂದು ಪುಟ, ಅದು ಅಪ್ಪಯ್ಯನದ್ದು. ಅಕ್ನಾಲೆಡ್ಜ್‌ಮೆಂಟಲ್ಲಿ ಪ್ರಿನ್ಸಿಪಾಲರು, ಹೆಚ್‌ಓಡಿ, ಗೈಡ್ ಆದ್ಮೇಲೆ ಅವರ ಹೆಸರು ಹಾಕಿದೀನಿ, ಕ್ಯಾಲಿಬ್ರೇಶನ್, ಅಂದ್ರೆ ಸೆನ್ಸರ್ ನಂಬರನ್ನ ನಿಜವಾದ ತೇವಕ್ಕೆ ಹೊಂದಿಸೋದು, ಮಾಡಿಕೊಟ್ಟವರು ಅಂತ.

ಮನೇಲಿ ಇಡೋ ಡಬ್ಬಿಗೆ ಚಿಕ್ಕ ಓಎಲ್‌ಇಡಿ ಡಿಸ್‌ಪ್ಲೇ ಹಾಕಿದ್ವಿ, 128 ಅಡ್ಡ 64 ಉದ್ದ ಚುಕ್ಕೆ. ಮೊದ್ಲು ಅದ್ರಲ್ಲಿ ಪರ್ಸೆಂಟ್ ಬರ್ತಿತ್ತು. ಅಪ್ಪಯ್ಯ ಕನ್ನಡಕ ಹಾಕ್ಕೊಂಡು ನೋಡಿ "43 ಅಂದ್ರೆ ಎಂಥ? ಹಸಿ ಇದ್ಯಾ ಇಲ್ವಾ ಹೇಳ್ಲಿ" ಅಂದ್ರು. ಸರಿ, ಕನ್ನಡದಲ್ಲೇ ಬರೆಸೋಣ ಅಂತ ಕೂತ್ರೆ ಅಲ್ಲೊಂದು ಕಷ್ಟ. ಡಿಸ್‌ಪ್ಲೇಗೆ ಬರೆಸೋ ಕೋಡ್ ಲೈಬ್ರರಿ (ಬೇರೆಯವರು ಮೊದ್ಲೇ ಬರೆದಿಟ್ಟ ಕೋಡ್) ಇಂಗ್ಲಿಷ್ ಥರ ಒಂದೊಂದೇ ಅಕ್ಷರ ಪಕ್ಕಪಕ್ಕ ಇಡುತ್ತೆ ಅಷ್ಟೆ, ಒತ್ತಕ್ಷರ ಕೆಳಗೆ ಕೂರಿಸೋದು ಅದಕ್ಕೆ ಗೊತ್ತಿಲ್ಲ. 'ಸ್ವಲ್ಪ' ಅಂತ ಬರೆಸಿದ್ರೆ ಸ, ವ, ಲ, ಪ ಬಿಡಿಬಿಡಿಯಾಗಿ, ಮಧ್ಯೆ ಎರಡು ಕೊಂಡಿ ತೇಲ್ತಾ ಇರುತ್ತೆ. ನನಗೆ ಅದನ್ನ ಹಾಗೆ ನೋಡೋಕಾಗ್ಲಿಲ್ಲ. ಇಂಗ್ಲಿಷಲ್ಲೇ ಹಾಕು ಬಿಡೇ ಅಂದ್ಳು ಟೀಮಲ್ಲಿ ಒಬ್ಳು, ನಾನು ಒಪ್ಲಿಲ್ಲ.

ಪದಗಳನ್ನೇ ಚಿತ್ರ ಮಾಡಿದೆ. ನೋಟೋ ಸಾನ್ಸ್ ಫಾಂಟಲ್ಲಿ ಬರೆದು, ಗಿಂಪ್ ಅನ್ನೋ ಚಿತ್ರ ತಿದ್ದೋ ಸಾಫ್ಟ್‌ವೇರಲ್ಲಿ ಕಪ್ಪು ಬಿಳಿಗೆ ಇಳಿಸಿ, ಬೈಟ್‌ಗಳಾಗಿ ಮಾಡಿ ಕೋಡಲ್ಲಿ ಇಡೋದು. ಒಂದು ಚಿತ್ರಕ್ಕೆ 1024 ಬೈಟ್, ಮೂರು ಚಿತ್ರಕ್ಕೆ ಮೂರು ಕೆಬಿ, ಅದೇನ್ ದೊಡ್ಡದಲ್ಲ. ಆದ್ರೆ ಅಷ್ಟು ಕಡಿಮೆ ಚುಕ್ಕೇಲಿ ತಲೆಕಟ್ಟು ತುಂಡಾಗ್ತಿತ್ತು, ವ ಒತ್ತು ಕೆಳಗಿನ ಅಂಚಲ್ಲಿ ಕತ್ತರಿಸಿ ಹೋಗ್ತಿತ್ತು. 800 ಪರ್ಸೆಂಟ್ ಜೂಮ್ ಮಾಡಿ ಒಂದೊಂದೇ ಚುಕ್ಕೆ ಕೈಯಲ್ಲಿ ತುಂಬಿದೆ. ಎರಡು ರಾತ್ರಿ. 'ಹಸಿ ಇದೆ', 'ಸ್ವಲ್ಪ ಒಣಗಿದೆ', 'ನೀರು ಬಿಡಿ'. ನಾಲ್ಕು ವರ್ಷದಲ್ಲಿ ನಾನು ಮಾಡಿದ ಕೆಲ್ಸದಲ್ಲಿ ನನಗೆ ಅತೀ ಇಷ್ಟ ಆಗಿದ್ದು ಈ ಮೂರು ಚಿತ್ರ.

ವೈವಾದಲ್ಲಿ ಎಕ್ಸ್‌ಟರ್ನಲ್ ಮೇಡಂ ಬಂದಿದ್ರು. ಪ್ರೆಸೆಂಟೇಶನ್ ಅರ್ಧದಲ್ಲೇ ನಿಲ್ಲಿಸಿ, ಡಿಸ್‌ಪ್ಲೇ ಕೈಲಿ ತಗೊಂಡು, ಈ ಕನ್ನಡ ಹೇಗೆ ಬಂತು ಅಂತ ಕೇಳಿದ್ರು. ಹೇಳಿದೆ. ಆಮೇಲೆ ಕ್ಯಾಲಿಬ್ರೇಶನ್ ಪುಟ ತೆಗೆದು ಓದಿದ್ರು, ಮುಷ್ಟಿ ಕಟ್ಟಿ ತೋರಿಸಮ್ಮ ಅಂದ್ರು. ಕೈಲಿ ಮಣ್ಣಿಲ್ದೇ ತೋರಿಸಿದೆ.

ಈಗ ಮಳೆ, ಡಬ್ಬಿ ಇಡೀ ದಿನ 'ಹಸಿ ಇದೆ' ಅಂತಾನೇ ಇರುತ್ತೆ. ಅಪ್ಪಯ್ಯ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಒಂದ್ಸಲ ಅದನ್ನ ನೋಡಿ, ಆಮೇಲೆ ತೋಟಕ್ಕೆ ಇಳೀತಾರೆ. ಏಪ್ರಿಲ್ಲಲ್ಲಿ 'ನೀರು ಬಿಡಿ' ಬಂದಾಗೆಲ್ಲಾ ಮೊದ್ಲು ಹೋಗಿ ಮುಷ್ಟಿ ಕಟ್ಟಿ ನೋಡಿ ಆಮೇಲೇ ಮೋಟರ್ ಹಾಕ್ತಿದ್ರಂತೆ, ಅಮ್ಮ ಹೇಳಿದ್ಳು. ಮೇ ಹೊತ್ತಿಗೆ ಎರಡು ಸಲ ನೋಡ್ದೇನೇ ಹಾಕಿದ್ರಂತೆ.

ಮುಂದಿನ ಸೋಮವಾರ ಬೆಂಗಳೂರಲ್ಲಿ ಕೆಲ್ಸಕ್ಕೆ ಸೇರ್ಬೇಕು. ನಿನ್ನೆ ತಮ್ಮನಿಗೆ ಕೋಡ್ ಹಾಕೋದು ಹೇಳಿಕೊಟ್ಟೆ, ಅವನು ಫಸ್ಟ್ ಪಿಯು, ಬೇಗ ಹಿಡ್ಕೊಂಡ. ಅಪ್ಪಯ್ಯಂಗೆ ನಾಲ್ಕನೇ ಚಿತ್ರ ಬೇಕಂತೆ, 'ಇನ್ನೆರಡು ದಿನ ತಡೀಬಹುದು' ಅಂತ, ಅದು 128 ಚುಕ್ಕೇಲಿ ಹಿಡಿಯಲ್ಲ, ಎರಡು ಸಾಲು ಮಾಡ್ಬೇಕು, ಹೋಗೋದ್ರೊಳಗೆ ಮುಗಿಸ್ತೀನಿ. ಡೇಟಾ ಹೋಗೋ ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿ, ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿದೀನಿ. ಅದ್ರಲ್ಲಿ ಯಾರೂ ಮೊಬೈಲ್ ಚಾರ್ಜಿಗೆ ಹಾಕ್ಬೇಡಿ ಅಂತ ಮನೇಲಿ ಎಲ್ಲರಿಗೂ ಹೇಳಿದೀನಿ.