ನ್ಯಾನ್ಸಿ ಪೆಲೋಸಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು?

ಷೇರು ಮಾರುಕಟ್ಟೆ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. "ಅಮೆರಿಕದ ಆ ಪೆಲೋಸಿ ರಾಜಕಾರಣಿ ತಾನೇ? ಸಂಬಳದಲ್ಲಿ ಅಷ್ಟೊಂದು ಕೋಟಿ ಹೇಗಾಯ್ತು? ಅವರು ಕೊಂಡ ಷೇರನ್ನೇ ನಾವೂ ಕೊಂಡ್ರೆ ಹೇಗೆ?" ಮೊನ್ನೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಇದನ್ನೇ ಕೇಳಿದರು. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹುಟ್ಟು, ಊರು. ನ್ಯಾನ್ಸಿ ಹುಟ್ಟಿದ್ದು 1940ರಲ್ಲಿ, ಬಾಲ್ಟಿಮೋರ್‌ನ ಇಟಾಲಿಯನ್ನರ ಕೇರಿಯಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು, ಒಬ್ಬಳೇ ಹೆಣ್ಣುಮಗಳು. ಅಪ್ಪ ಮೊದಲು ಸಂಸದ, 1947ರಿಂದ 12 ವರ್ಷ ಆ ಊರಿನ ಮೇಯರ್. ಕೆಲಸ ಬೇಕು, ಇರಲು ಮನೆ ಬೇಕು ಅಂತ ಜನ ಮನೆ ಬಾಗಿಲಿಗೇ ಬರುತ್ತಿದ್ದರು. ಯಾರು ಬಂದರು, ಏನು ಕೇಳಿದರು, ಯಾರಿಗೆ ಏನು ಮಾಡಿಕೊಟ್ಟೆವು ಎಂಬುದನ್ನೆಲ್ಲ ಅಮ್ಮ ಒಂದು ಕಡತದಲ್ಲಿ ಬರೆದಿಡುತ್ತಿದ್ದರು. ಆ ಕೆಲಸಕ್ಕೆ ಮಗಳೂ ಕೈ ಹಾಕುತ್ತಿದ್ದಳು. ಬೆಳಗಾದರೆ ಎಂಎಲ್ಎ ಮನೆ ಮುಂದೆ ಅರ್ಜಿ ಹಿಡಿದು ನಿಲ್ಲುವ ಜನರನ್ನು ನೋಡಿದವರಿಗೆ ಇದೇನು ಹೊಸದಲ್ಲ. ಆ ಮನೆಯಲ್ಲಿ ಅವರು ಕಲಿತದ್ದು ರಾಜಕೀಯ. ವ್ಯಾಪಾರ ಬಂದದ್ದು ಗಂಡನ ಜೊತೆ.

1963ರಲ್ಲಿ ಪಾಲ್ ಪೆಲೋಸಿ ಜೊತೆ ಮದುವೆ. 1969ರಲ್ಲಿ ಪಾಲ್‌ನ ಊರಾದ ಸ್ಯಾನ್ ಫ್ರಾನ್ಸಿಸ್ಕೋಗೆ. ಐದು ಮಕ್ಕಳು. ಮಕ್ಕಳನ್ನು ಬೆಳೆಸುತ್ತಲೇ ಡೆಮಾಕ್ರಟಿಕ್ ಪಕ್ಷಕ್ಕೆ ದೇಣಿಗೆ ಎತ್ತುತ್ತಿದ್ದರು, ಕ್ಯಾಲಿಫೋರ್ನಿಯಾದಲ್ಲಿ ಪಕ್ಷದ ಅಧ್ಯಕ್ಷೆಯೂ ಆದರು. ಸಂಸತ್ತಿನ ಕೆಳಮನೆಗೆ ಸ್ವತಃ ಚುನಾವಣೆಗೆ ನಿಂತು ಗೆದ್ದದ್ದು 1987ರಲ್ಲಿ, 47ನೇ ವಯಸ್ಸಿಗೆ. 2007ರಲ್ಲಿ ಆ ಸದನದ ಸ್ಪೀಕರ್ ಆದ ಮೊದಲ ಮಹಿಳೆ, 2019ರಲ್ಲಿ ಮತ್ತೊಮ್ಮೆ. ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು 2025ರ ನವೆಂಬರ್‌ನಲ್ಲಿ ಹೇಳಿದರು.

ಈಗ ದುಡ್ಡು. ಅಮೆರಿಕದ ಸಂಸದರ ಸಂಬಳ ವರ್ಷಕ್ಕೆ 1,74,000 ಡಾಲರ್. 2009ರಿಂದ ಅಷ್ಟೇ ಇದೆ. ಸ್ಪೀಕರ್‌ಗೆ 2,23,500. ಇದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೆನ್ನಾಗಿ ಬಾಳಬಹುದು, ಆದರೆ ನಾಪಾ ಕಣಿವೆಯಲ್ಲಿ ದ್ರಾಕ್ಷಿ ತೋಟ ಕೊಳ್ಳಲಾಗದು. ಆ ತೋಟ, ಕಟ್ಟಡಗಳು, ಷೇರುಗಳು, ಇವೆಲ್ಲ ಬಂದದ್ದು ಪಾಲ್ ನಡೆಸುವ ರಿಯಲ್ ಎಸ್ಟೇಟ್ ಮತ್ತು ಹೂಡಿಕೆ ವ್ಯವಹಾರದಿಂದ.

ಎಷ್ಟಿದೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಅದಕ್ಕೆ ಕಾರಣ ಅಲ್ಲಿನ ಫಾರಂ. ಸಂಸದರು ವರ್ಷವರ್ಷವೂ ಆಸ್ತಿ ತೋರಿಸಬೇಕು, ಆದರೆ ಸರಿಯಾದ ಮೊತ್ತ ಬರೆಯಬೇಕಿಲ್ಲ. ಇಷ್ಟರಿಂದ ಇಷ್ಟರವರೆಗೆ ಅಂತ ಒಂದು ಸಾಲಿಗೆ ಗುರುತು ಹಾಕಿದರೆ ಸಾಕು. ಆ ದ್ರಾಕ್ಷಿ ತೋಟ '50 ಲಕ್ಷದಿಂದ 2.5 ಕೋಟಿ ಡಾಲರ್' ಎಂಬ ಸಾಲಿನಲ್ಲಿದೆ. ಒಂದೇ ಆಸ್ತಿಯಲ್ಲಿ ಐದು ಪಟ್ಟು ವ್ಯತ್ಯಾಸ! ನಮ್ಮಲ್ಲಿ ಅಭ್ಯರ್ಥಿ ಅಫಿಡವಿಟ್‌ನಲ್ಲಿ ಹೆಂಡತಿಯ ಬಂಗಾರದವರೆಗೂ ಲೆಕ್ಕ ಕೊಡುತ್ತಾನೆ, 2002ರ ಸುಪ್ರೀಂ ಕೋರ್ಟ್ ತೀರ್ಪಿನ ಪುಣ್ಯ. ಆದರೆ ಚುನಾವಣೆಗಳ ನಡುವೆ ಅವನು ಯಾವ ಷೇರು ಕೊಂಡ, ಯಾವುದು ಮಾರಿದ ಅಂತ ಮತದಾರರಿಗೆ ತಿಳಿಯೋದಿಲ್ಲ. ಅಮೆರಿಕದಲ್ಲಿ 2012ರ ಕಾನೂನಿನ ಪ್ರಕಾರ ಸಂಸದರಾಗಲಿ, ಅವರ ಸಂಗಾತಿಯಾಗಲಿ ಷೇರು ಕೊಂಡರೆ, ಮಾರಿದರೆ 45 ದಿನದೊಳಗೆ ಹೇಳಬೇಕು. ತಡವಾದರೆ ದಂಡ 200 ಡಾಲರ್. ಆ ದಂಡ ನೋಡಿ ನನಗೆ ನಗು ಬಂತು.

ಪೆಲೋಸಿಯವರ ಆ ವರದಿಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಷೇರು ವಹಿವಾಟಿನ ಪಕ್ಕದಲ್ಲಿ ಪುಟ್ಟದಾಗಿ 'ಎಸ್‌ಪಿ' ಅಂತಿರುತ್ತದೆ. ಅಂದರೆ ಸ್ಪೌಸ್, ಗಂಡನ ಹೆಸರಿನದು. 2023ರ ನವೆಂಬರ್‌ನಲ್ಲಿ ಕಂಪ್ಯೂಟರ್ ಚಿಪ್ ಕಂಪನಿ ಎನ್‌ವಿಡಿಯಾದ 50 ಕಾಲ್ ಆಪ್ಷನ್ ಕೊಂಡದ್ದು ಹಾಗೆಯೇ ದಾಖಲಾಗಿದೆ. ಕಾಲ್ ಆಪ್ಷನ್ ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು, ಒಂದೊಂದಕ್ಕೆ 100 ಷೇರು. ಆ ಗೊತ್ತುಮಾಡಿದ ಬೆಲೆ, ಅಂದರೆ ಸ್ಟ್ರೈಕ್ ಬೆಲೆ, 120 ಡಾಲರ್. ಮುಂದಿನ ಜೂನ್‌ನಲ್ಲಿ ಕಂಪನಿ ಒಂದು ಷೇರನ್ನು ಹತ್ತಾಗಿಸಿತು, ಹಾಗಾಗಿ ಸ್ಟ್ರೈಕ್ ಬೆಲೆಯೂ ಹತ್ತರಲ್ಲಿ ಒಂದಾಯಿತು. ಡಿಸೆಂಬರ್‌ನಲ್ಲಿ ಆ ಹಕ್ಕು ಚಲಾಯಿಸಿದಾಗ 50,000 ಷೇರು ತಲಾ 12 ಡಾಲರ್‌ಗೆ ಕೈಸೇರಿದವು. ಆಗ ಮಾರುಕಟ್ಟೆಯಲ್ಲಿ ಬೆಲೆ 130 ಡಾಲರ್‌ಗೂ ಜಾಸ್ತಿ. ಜಾಲತಾಣಗಳಲ್ಲಿ ಕುಣಿದಾಡಿದ್ದು ಇಂಥ ಸುದ್ದಿಗಳೇ. ಆಪ್ಷನ್ ಕೊಳ್ಳಲು ಮೊದಲೇ ಹತ್ತು ಲಕ್ಷಕ್ಕೂ ಮೀರಿ ಡಾಲರ್ ಸುರಿದಿದ್ದರು ಎಂಬುದನ್ನು ಮಾತ್ರ ಯಾರೂ ಹೇಳೋದಿಲ್ಲ.

ಇದು ಕಳ್ಳದುಡ್ಡಾ? ಒಳಮಾಹಿತಿ ಬಳಸಿದರು ಅಂತ ಗಂಡನ ಮೇಲಾಗಲಿ ಹೆಂಡತಿಯ ಮೇಲಾಗಲಿ ಯಾವ ಕೋರ್ಟಿನಲ್ಲೂ ಸಾಬೀತಾಗಿಲ್ಲ. ಅವರೂ ಅದನ್ನು ಅಲ್ಲಗಳೆದಿದ್ದಾರೆ. ಹಾಗಂತ ನನಗೆ ಸಮಾಧಾನವೂ ಇಲ್ಲ. ಚಿಪ್ ಉದ್ಯಮಕ್ಕೆ ಸರ್ಕಾರ ಎಷ್ಟು ಕೊಡಬೇಕು ಅಂತ ಹೆಂಡತಿ ಕೂತ ಸದನ ತೀರ್ಮಾನಿಸುತ್ತದೆ, ಚಿಪ್ ಕಂಪನಿಯ ಷೇರು ಗಂಡನ ಖಾತೆಯಲ್ಲಿರುತ್ತದೆ. ರಾತ್ರಿ ಊಟದ ಮೇಜಿನಲ್ಲಿ ಅವರು ಮೊಮ್ಮಕ್ಕಳ ವಿಷಯ ಬಿಟ್ಟು ಬೇರೇನೂ ಮಾತಾಡದೇ ಇರಬಹುದು. ಆದರೂ ನೋಡುವವರಿಗೆ ಅನುಮಾನ ಬಂದೇ ಬರುತ್ತೆ, ಅಲ್ವಾ? ಸಂಸದರು ಷೇರು ವಹಿವಾಟು ಮಾಡಬಾರದು ಅನ್ನಬೇಕಾ ಎಂದು 2021ರ ಡಿಸೆಂಬರ್‌ನಲ್ಲಿ ಕೇಳಿದಾಗ ಪೆಲೋಸಿ ಬೇಡ ಅಂದಿದ್ದರು, ಇದು ಮುಕ್ತ ಮಾರುಕಟ್ಟೆ ಎಂಬುದು ಅವರ ವಾದ. ಟೀಕೆ ಜೋರಾದ ಮೇಲೆ ನಿಲುವು ಸಡಿಲಿಸಿದರು. ನನ್ನ ಪ್ರಕಾರ ನಿಷೇಧವೇ ಸರಿ, ಎರಡೂ ಪಕ್ಷಗಳಿಗೆ.

ಇನ್ನು ಕೊನೆಯ ಪ್ರಶ್ನೆ, ಅವರು ಕೊಂಡದ್ದನ್ನೇ ಕೊಳ್ಳಬಹುದಾ. ಅವರ ಖರೀದಿ ನಿಮಗೆ ತಿಳಿಯುವಾಗ ಒಂದೂವರೆ ತಿಂಗಳು ಕಳೆದಿರಬಹುದು. ಸಂತೆ ಮುಗಿದ ಮೇಲೆ ಚೀಲ ಹಿಡಿದು ಹೋದ ಹಾಗೆ. ಗಂಡ ಪ್ರತಿ ಸಲವೂ ಗೆದ್ದಿದ್ದಾರೆ ಅಂತಲೂ ಅಂದುಕೊಳ್ಳಬೇಡಿ. 2022ರ ಜುಲೈನಲ್ಲಿ ಚಿಪ್ ಉದ್ಯಮಕ್ಕೆ ನೆರವು ಕೊಡುವ ಮಸೂದೆ ಮತಕ್ಕೆ ಬರುವ ಹೊತ್ತಿಗೆ, ಚಿಪ್ ಕಂಪನಿಯ ಷೇರು ಇಟ್ಟುಕೊಂಡದ್ದಕ್ಕೆ ಜನ ಬೈಯುತ್ತಿದ್ದರು. ಆಗ ಪಾಲ್ ತಮ್ಮ 25,000 ಎನ್‌ವಿಡಿಯಾ ಷೇರುಗಳನ್ನು ಮಾರಿದರು. ಆ ವರದಿಯಲ್ಲೇ ಬರೆದಿದೆ: ನಷ್ಟ 3,41,365 ಡಾಲರ್.