ಚಳಿಗಾಲದಲ್ಲಿ ಎಲೆಕ್ಟ್ರಿಕ್ ಬೈಕ್ ಹತ್ತಿ ಮಡಿಕೇರಿಗೆ ಹೊರಟವರು ಓದಿ

ರೂಮಿಗೆ ಅಡ್ವಾನ್ಸ್ ಹಾಕುವ ಮೊದಲು 15 ಆಂಪ್ ಪ್ಲಗ್‌ನ ಫೋಟೋ ಕಳಿಸಿ ಅಂತ ಕೇಳಿ. ಬಾಯಿಮಾತು ನಂಬಬೇಡಿ.

ಡಿಸೆಂಬರ್ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ಮೈಸೂರಿನಿಂದ ಹೋಗಿದ್ದೆವು. ಮಡಿಕೇರಿ ಹತ್ತಿರದ ಹೋಂಸ್ಟೇಯವರು ‘ಇವಿ ಚಾರ್ಜಿಂಗ್ ಇದೆ’ ಎಂದು ಹಾಕಿಕೊಂಡಿದ್ದರು. ಹೋಗಿ ನೋಡಿದರೆ ಜಗಲಿ ಗೋಡೆಯಲ್ಲಿ ಒಂದು 5 ಆಂಪ್ ಸಾಕೆಟ್, ಅಷ್ಟೇ. ನಮ್ಮ ಚಾರ್ಜರಿನ ದಪ್ಪ ಪಿನ್ ಅದರಲ್ಲಿ ಕೂರುವುದೇ ಇಲ್ಲ. ಎಲ್ಲಿಂದಲೋ ಒಂದು ಕನ್ವರ್ಟರ್ ತಂದು ಕೊಟ್ಟರು. ಸ್ವಲ್ಪ ಹೊತ್ತಿಗೇ ಅದು ಮುಟ್ಟಲಾಗದಷ್ಟು ಕಾದು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಕಿತ್ತುಬಿಟ್ಟೆ. ಆದರೂ ಬೆಳಿಗ್ಗೆ ಬಿಲ್ಲಿನಲ್ಲಿ ಚಾರ್ಜಿಂಗಿಗೆ ಅಂತ 400 ರೂಪಾಯಿ! ನಮ್ಮದು 4 ಯೂನಿಟ್ ಹಿಡಿಯುವ ಬ್ಯಾಟರಿ. ಖಾಲಿಯಿಂದ ಪೂರ್ತಿ ತುಂಬಿಸಿದರೂ ಮನೆ ದರದಲ್ಲಿ 40 ರೂಪಾಯಿ ಆಗುವುದಿಲ್ಲ. ಇದು ಹಗಲು ದರೋಡೆ, ಅಲ್ವಾ?

ರಾತ್ರಿಯಿಡೀ ಬೈಕ್ ಮಂಜಿನಲ್ಲೇ ನಿಂತಿತ್ತು. ಮಲಗುವಾಗ 70 ಕಿ.ಮೀ. ತೋರಿಸುತ್ತಿದ್ದ ಮೀಟರ್ ಬೆಳಿಗ್ಗೆ 61ಕ್ಕೆ ಬಂದಿತ್ತು. ಹೀಗಾದರೆ ಗಾಬರಿಯಾಗಬೇಡಿ. ಚಳಿಯಲ್ಲಿ ಲಿಥಿಯಂ ಸೆಲ್ಲಿನ ಒಳಗಿನ ದ್ರವ ಮಂದವಾಗುತ್ತದೆ, ಕರೆಂಟ್ ಹರಿಯುವುದಕ್ಕೆ ತಡೆ ಜಾಸ್ತಿಯಾಗುತ್ತದೆ. ಆಕ್ಸಿಲರೇಟರ್ ಜೋರಾಗಿ ತಿರುಗಿಸಿದರೆ ವೋಲ್ಟೇಜ್ ಕುಸಿಯುತ್ತದೆ. ಮೊದಲ ಕೆಲವು ಕಿಲೋಮೀಟರ್ ನಿಧಾನಕ್ಕೆ ಓಡಿಸಿ. ಬ್ಯಾಟರಿ ಬೆಚ್ಚಗಾದಂತೆ ಕಳೆದದ್ದರಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಮಡಿಕೇರಿಯ 10–12 ಡಿಗ್ರಿ ಚಳಿ ಲಡಾಖಿನ ಸೊನ್ನೆಗಿಂತ ಕೆಳಗಿನ ಚಳಿಯಷ್ಟು ರೇಂಜ್ ತಿನ್ನುವುದಿಲ್ಲ.

ಇಲ್ಲಿ ಜಾಸ್ತಿ ತಿನ್ನುವುದು ಏರು. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ., 300 ಮೀಟರಿಗೂ ಹೆಚ್ಚು ಹತ್ತಬೇಕು. ಇಬ್ಬರು ಕೂತು ಲಗೇಜೂ ಇದ್ದರೆ ಬರೀ ಹತ್ತುವುದಕ್ಕೇ ಕಾಲು ಯೂನಿಟ್ ಮೇಲೆ ಹೋಗುತ್ತದೆ. ಮಂಗಳೂರು ದಾರಿಯ ಸಂಪಾಜೆ ಕಡೆಯಿಂದ ಬರುವವರ ಲೆಕ್ಕವೇ ಬೇರೆ. ಅದು ಸುಮಾರು ಸಾವಿರ ಮೀಟರ್ ಏರು, ಒಂದು ಯೂನಿಟ್ ಹತ್ತಿರ ಅದಕ್ಕೇ ಬೇಕು. ಇಳಿಯುವಾಗಲೂ ಒಂದು ವಿಷಯ ನೆನಪಿಡಿ. ಬ್ಯಾಟರಿ ಪೂರ್ತಿ ತುಂಬಿದ್ದು ತಣ್ಣಗೂ ಇದ್ದರೆ ರೀಜನ್ (ಮೋಟರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ತುಂಬುವುದು) ಸರಿಯಾಗಿ ಕೆಲಸ ಮಾಡುವುದಿಲ್ಲ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಬೈಕ್ ತಾನೇ ನಿಧಾನವಾಗುತ್ತದೆ ಅಂತ ನೆಚ್ಚಿಕೊಂಡರೆ ಅಪಾಯ.

ವಾಪಸ್ ಬರುವಾಗ ನಮ್ಮನ್ನು ಕಾಪಾಡಿದ್ದು ಸುಂಟಿಕೊಪ್ಪದ ಹತ್ತಿರದ ಒಂದು ಪುಟ್ಟ ಕ್ಯಾಂಟೀನ್. ಮೂರೇ ಮೇಜು. ಚಾರ್ಜ್ ಮಾಡಿಕೊಳ್ಳಬಹುದಾ ಅಂತ ಕೇಳಿದ್ದಕ್ಕೆ ಅಲ್ಲಿನ ಅಕ್ಕ, “ಗ್ರೈಂಡರ್ ಈಗ ಓಡಲ್ಲ, ಅದರ ಪ್ಲಗ್ಗಿಗೇ ಹಾಕಿ” ಅಂದರು. ಒಳ್ಳೆ ಗಟ್ಟಿ 15 ಆಂಪ್ ಸಾಕೆಟ್, ವೈರ್ ಸ್ವಲ್ಪವೂ ಬಿಸಿಯಾಗಲಿಲ್ಲ. ಅಷ್ಟರಲ್ಲಿ ಅಕ್ಕಿ ಒಟ್ಟಿ, ಅಂದರೆ ಕೊಡಗಿನ ಅಕ್ಕಿ ರೊಟ್ಟಿ, ಬಂತು. ಅನ್ನ ಸೇರಿಸಿ ನಾದಿದ ಹಿಟ್ಟು, ಹಂಚಿನಿಂದ ತೆಗೆದು ನೇರ ಕೆಂಡದ ಮೇಲೆ ಹಾಕಿ ಉಬ್ಬಿಸಿದ್ದು. ಅಲ್ಲಲ್ಲಿ ಕಪ್ಪು ಚುಕ್ಕೆ, ಮುರಿದರೆ ಬಿಸಿ ಹಬೆ. ಜೊತೆಗೆ ಎಳ್ಳು ಪಜ್ಜಿ (ಚಟ್ನಿ), ಒಂದು ಚಮಚ ತುಪ್ಪ. ಆಮೇಲೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಕಾಚಂಪುಳಿ ಅನ್ನುವ ಕೊಡಗಿನ ಕಪ್ಪು ಹುಳಿರಸದ ಹುಳಿ ಹಿಡಿದ ಪಂದಿ (ಹಂದಿ) ಕರಿ. ಕೊನೆಗೆ ಬೆಲ್ಲದ ಕಾಫಿ, ಕೇಳದೆಯೇ ಎರಡನೇ ಲೋಟ. ಇಬ್ಬರದೂ ಸೇರಿ ಬಿಲ್ಲು ಹೋಂಸ್ಟೇಯವರ ಚಾರ್ಜಿಂಗ್ ಬಿಲ್ಲಿಗಿಂತ ಕಮ್ಮಿ. ಕರೆಂಟಿಗೆ ದುಡ್ಡು ಕೊಡಲು ಹೋದರೆ ಬೇಡವೇ ಬೇಡ ಅಂದರು. ಬಲವಂತ ಮಾಡಿ ಕೊಟ್ಟೆವು, ನೀವೂ ಕೊಡಿ.

ಮಡಿಕೇರಿಯ ರಾಜಾಸೀಟ್ ಉದ್ಯಾನದ ಬಗ್ಗೆ ನಾನು ಏನೂ ಬರೆಯುವುದಿಲ್ಲ. ವರ್ಷದ ಕೊನೆಯ ವಾರದ ಆ ನೂಕುನುಗ್ಗಲು ನನಗೆ ಆಗುವುದೇ ಇಲ್ಲ, ಗೇಟಿನಿಂದಲೇ ತಿರುಗಿ ಬಂದೆ.

ತಲಕಾವೇರಿಗೆ ಹೋಗುವವರು ಮಡಿಕೇರಿಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡೇ ಹೊರಡಿ. ಹೋಗಿ ಬರಲು 90 ಕಿ.ಮೀ. ಮೇಲಾಗುತ್ತದೆ, ಭಾಗಮಂಡಲ ದಾಟಿದ ಮೇಲಿನ ಎಂಟು ಕಿ.ಮೀ. ಬರೀ ಏರು. ನಸುಕಿನಲ್ಲಿ ಹೊರಡುವುದು ಬೇಡ, ಬಿಸಿಲು ಬಿದ್ದ ಮೇಲೆ ಹೋಗಿ. ಬೈಕ್ ಓಡಿಸಿಕೊಂಡು ಬಂದ ತಕ್ಷಣ, ಬ್ಯಾಟರಿ ಇನ್ನೂ ಬೆಚ್ಚಗಿರುವಾಗಲೇ ಚಾರ್ಜಿಗೆ ಹಾಕಿ. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಹೋಂಸ್ಟೇ ಇನ್ವರ್ಟರ್ ಬೈಕಿಗೆ ಸಾಲುವುದಿಲ್ಲ.