ಕಡಿಮೆ ವಿದ್ಯುತ್ತಿನ ಚಿಪ್ ಸರ್ವರಿಗೆ ಬಂದಾಗ

ಮೊಬೈಲಿನಲ್ಲಿ ಬೆಳೆದ ಆರ್ಮ್ ಪ್ರೊಸೆಸರ್ ಡೇಟಾ ಸೆಂಟರಿನಲ್ಲಿ ಮೊದಲ ಸಲಕ್ಕೇ ನೆಲೆಯೂರಲಿಲ್ಲ. ಕ್ಯಾಲ್ಕ್ಸೆಡಾ ಎಂಬ ಕಂಪನಿ 32 ಬಿಟ್ ಆರ್ಮ್ ಕೋರ್‌ಗಳ ಸರ್ವರ್ ಚಿಪ್ ತಂದಿತು; ನೋಡ್‌ಗೆ, ಅಂದರೆ ಒಂದೊಂದು ಪುಟ್ಟ ಸರ್ವರಿಗೆ, 4 ಜಿಬಿ ಮೆಮೊರಿಯ ಮಿತಿ. 2013ರ ಕೊನೆಗೆ ಬಾಗಿಲು ಹಾಕಿತು. 64 ಬಿಟ್ ಆರ್ಮ್ ಬಂದು, 2018ರಲ್ಲಿ ಅಮೆಜಾನಿನದೇ ಆರ್ಮ್ ಸರ್ವರ್ ಚಿಪ್ ಗ್ರಾವಿಟಾನ್ ಕಾಲಿಟ್ಟ ಮೇಲೆಯೇ ಗಾಳಿ ತಿರುಗಿದ್ದು.

ಈಗ 'ಕಡಿಮೆ ವಿದ್ಯುತ್' ಎಂಬ ಮಾತೇ ದಾರಿ ತಪ್ಪಿಸುತ್ತದೆ ಅನ್ನಿಸುತ್ತದೆ. 80 ಕೋರಿನ ಆರ್ಮ್ ಚಿಪ್ ಆಂಪಿಯರ್ ಆಲ್ಟ್ರಾದ ಟಿಡಿಪಿ (ತಂಪು ಮಾಡಲು ಲೆಕ್ಕ ಹಿಡಿಯುವ ವಿದ್ಯುತ್ ಮಿತಿ) 250 ವಾಟ್‌ವರೆಗೂ ಹೋಗುತ್ತದೆ. ಉಳಿತಾಯ ಇರುವುದು ಚಿಪ್ಪಿನಲ್ಲಲ್ಲ, ಒಂದೊಂದು ವಾಟ್‌ಗೆ ಆಗುವ ಕೆಲಸದಲ್ಲಿ. ಹಾಗಾಗಿ ಸಿಪಿಯು ಶೇಕಡಾವಾರು ಹೋಲಿಸಬೇಡಿ. ಇಂಟೆಲ್, ಆರ್ಮ್ ಎರಡೂ ಕಡೆ ಒಂದೇ ಪಿ99 ಲೇಟೆನ್ಸಿ (ನೂರರಲ್ಲಿ 99 ರಿಕ್ವೆಸ್ಟ್‌ಗಳಿಗೆ ಉತ್ತರ ಸಿಗುವ ಸಮಯ) ಹಿಡಿದು, ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಎಂದು ಅಳೆಯಿರಿ. ಕ್ಲೌಡಿನಲ್ಲಿ ಬಾಡಿಗೆಗೆ ಸಿಗುವ ಇಂಟೆಲ್ ಸರ್ವರ್‌ಗಳಲ್ಲಿ (ಇನ್‌ಸ್ಟೆನ್ಸ್) ಒಂದು ವಿಸಿಪಿಯು, ಅಂದರೆ ವರ್ಚುವಲ್ ಸಿಪಿಯು, ಸಾಮಾನ್ಯವಾಗಿ ಒಂದು ಥ್ರೆಡ್; ಒಂದೇ ಕೋರನ್ನು ಎರಡು ಥ್ರೆಡ್‌ಗಳು ಹಂಚಿಕೊಳ್ಳುತ್ತವೆ. ಗ್ರಾವಿಟಾನ್‌ನಲ್ಲಿ ಪೂರ್ತಿ ಕೋರ್. ಲೋಡ್ ಏರಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇಂಟೆಲ್‌ನಿಂದ ಆರ್ಮ್‌ಗೆ ಸ್ಥಳಾಂತರದಲ್ಲಿ ಮೊದಲು ಕೈಕೊಡುವುದು ಕಂಟೇನರ್, ಅಂದರೆ ಆ್ಯಪ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಕಟ್ಟಿಟ್ಟ ಪೊಟ್ಟಣ. ಅದರ ಇಮೇಜ್ ಆರ್ಮ್‌ಗೂ ಬಿಲ್ಡ್ ಆಗಿರದಿದ್ದರೆ, ಈ ಪ್ರೋಗ್ರಾಂ ಇಲ್ಲಿ ಓಡದು ಎನ್ನುವ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಸಾಮಾನ್ಯ. ಆಮೇಲೆ ಪೇಜ್ ಸೈಜ್, ಅಂದರೆ ಮೆಮೊರಿಯನ್ನು ಹಂಚುವ ತುಂಡಿನ ಅಳತೆ: ಕರ್ನಲ್ 64 ಕೆಬಿ ಪೇಜ್ ಬಳಸುತ್ತಿದ್ದರೆ, 4 ಕೆಬಿಗೆಂದು ಕಂಪೈಲ್ ಆದ, ಮೆಮೊರಿ ಹಂಚಿಕೊಡುವ ಲೈಬ್ರರಿ ಜೆಮ್ಯಾಲಕ್ ಶುರುವಿನಲ್ಲೇ ಬೀಳುತ್ತದೆ. 64 ಕೆಬಿಗೆ ಮತ್ತೆ ಬಿಲ್ಡ್ ಮಾಡಿದರೆ ಸರಿ.

ನಿಜಕ್ಕೂ ಕಾಡುವುದು ಮೆಮೊರಿ ಆರ್ಡರಿಂಗ್, ಅಂದರೆ ಒಂದು ಕೋರ್ ಮೆಮೊರಿಗೆ ಬರೆದದ್ದು ಇತರ ಕೋರ್‌ಗಳಿಗೆ ಯಾವ ಕ್ರಮದಲ್ಲಿ ಕಾಣುತ್ತದೆ ಎಂಬುದು. ಇಂಟೆಲ್ ಚಿಪ್‌ಗಳ ಎಕ್ಸ್86 ವಿನ್ಯಾಸ ಸ್ಟೋರ್‌ಗಳ (ಮೆಮೊರಿಗೆ ಬರೆಯುವ ಸೂಚನೆಗಳ) ಕ್ರಮವನ್ನು ತಾನೇ ಕಾಯುತ್ತದೆ; ಆರ್ಮ್ ಕಾಯುವುದಿಲ್ಲ. ಹಲವು ಥ್ರೆಡ್‌ಗಳು ಲಾಕ್ ಇಲ್ಲದೆ ಒಂದೇ ಮೆಮೊರಿ ಹಂಚಿಕೊಳ್ಳುವ ಕೋಡಿನಲ್ಲಿ ವರ್ಷಗಟ್ಟಲೆ ಅಡಗಿದ್ದ ತಪ್ಪು ಇಲ್ಲಿ ಮೇಲೇಳುತ್ತದೆ, ಅದೂ ಹೆಚ್ಚಾಗಿ ಕೆಲಸದ ಹೊರೆ ಏರಿದಾಗ. ಅಕ್ವೈರ್, ರಿಲೀಸ್ ಎಂದು ಕ್ರಮವನ್ನು ಸ್ಪಷ್ಟವಾಗಿ ಬರೆದ ಅಟಾಮಿಕ್‌ಗಳೇ (ನಡುವೆ ತುಂಡಾಗದ ಮೆಮೊರಿ ಕಾರ್ಯಗಳು) ಮದ್ದು.